ಬ್ಯಾಂಕಿನ ದಾರಿಗೆ ಎಷ್ಟು ತೂಕ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಚರಿತ್ರೆಯಲ್ಲಿ ದೂರ ಎಂಬುದು ಬಹಳ ದೊಡ್ಡ ಸಂಗತಿ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಎರಡು ದಶಕದ ಬಳಿಕ ಮತ್ತೆ ಬಳ್ಳಾರಿಗೆ ಬಂತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ಸ್ವಂತ ತಾಲ್ಲೂಕಾಯಿತು. 2021ರಲ್ಲಿ ಈ ಐದೂ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಗೆ ಸೇರಿದಾಗ ಅದರ ಪರವಾಗಿ ಮುಂದಿಟ್ಟ ಮುಖ್ಯ ವಾದ ಇದು: ಪಶ್ಚಿಮದ ಹಳ್ಳಿಗಳ ಜನ ಒಂದು ಸಹಿಗಾಗಿ, ಒಂದು ಮೊಹರಿಗಾಗಿ ಬಳ್ಳಾರಿಯ ತನಕ ಹೋಗಿಬರುವುದು ತಪ್ಪಬೇಕು. ಹಡಗಲಿಯ ಅಂಚಿನಲ್ಲಿ ತುಂಗಭದ್ರೆ ಹರಿಯುವ ಕಡೆ ಬಿಟ್ಟರೆ ಈ ಸೀಮೆಯ ಬಹುಭಾಗ ಮಳೆ ನಂಬಿದ ಹೊಲ. ಮೆಕ್ಕೆಜೋಳ, ಶೇಂಗಾ, ಜೋಳ, ಸಜ್ಜೆ, ಈರುಳ್ಳಿ ಇಲ್ಲಿನ ಬೆಳೆ, ಜೊತೆಗೆ ಕುರಿ ಹಿಂಡು. ಒಣಭೂಮಿಯಲ್ಲಿ ಒಂದು ಕುಟುಂಬ ಬದುಕಲು ಹೆಚ್ಚು ಎಕರೆ ಬೇಕು. ಹಾಗಾಗಿ ಊರುಗಳು ಒತ್ತೊತ್ತಾಗಿ ಇರಲಾರವು. ಗುಡೇಕೋಟೆಯ ಕಡೆಯವರಿಗೆ, ಮೈಲಾರದವರಿಗೆ, ಉಚ್ಚಂಗಿದುರ್ಗದವರಿಗೆ ತಾಲ್ಲೂಕು ಕೇಂದ್ರದಲ್ಲಿ ಕೆಲಸವಿದ್ದರೆ ಅದು ಅರ್ಧ ದಿನದ ಪಯಣ. ಡಿಜಿಟಲ್ ಬ್ಯಾಂಕಿಂಗ್ ಪರಿಸರಕ್ಕೆ ಒಳಿತೋ ಕೆಡುಕೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಈ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆ ಉತ್ತರ ಕಾಗದದಲ್ಲಾಗಲಿ ಮೊಬೈಲಿನಲ್ಲಾಗಲಿ ಅಡಗಿಲ್ಲ, ಈ ದೂರದಲ್ಲಿ ಅಡಗಿದೆ ಎಂಬುದು ನನ್ನ ವಾದ.

ಸಾಮಾನ್ಯವಾಗಿ ಕೇಳಿಬರುವ ಮಾತಿನಿಂದ ಶುರುಮಾಡೋಣ. ಮೊಬೈಲಿನಲ್ಲಿ ಹಣ ಕೊಟ್ಟರೆ ನೋಟು ಉಳಿಯುತ್ತದೆ, ನೋಟು ಉಳಿದರೆ ಮರ ಉಳಿಯುತ್ತದೆ ಎಂಬ ಮಾತು. ಇದರ ಎರಡನೆಯ ಅರ್ಧ ಮೊದಲೇ ಬಿದ್ದುಹೋಗುತ್ತದೆ, ಏಕೆಂದರೆ ನಮ್ಮ ನೋಟು ಮರದ ತಿರುಳಿನದಲ್ಲ, ಹತ್ತಿಯದು. ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯವಿದೆ, ಅದೇ ಊರಿನಲ್ಲಿ ನೋಟಿನ ಕಾಗದ ತಯಾರಿಸುವ ಕಾರ್ಖಾನೆಯೂ ಇದೆ. ಹತ್ತಿ ಬೆಳೆಗೆ ನೀರು, ಗೊಬ್ಬರ, ಕೀಟನಾಶಕ ಬೇಕು. ಅದನ್ನು ಕಾಗದವಾಗಿಸಲು ಮತ್ತೆ ನೀರು, ವಿದ್ಯುತ್ತು ಬೇಕು. ನೋಟಿಗೆ ಹೊರೆ ಇದೆ ನಿಜ. 2023-24ರ ಒಂದೇ ವರ್ಷದಲ್ಲಿ ರಿಸರ್ವ್ ಬ್ಯಾಂಕು 2,100 ಕೋಟಿಗೂ ಹೆಚ್ಚು ಮಾಸಿದ, ಹರಿದ ನೋಟುಗಳನ್ನು ಚೂರುಮಾಡಿ ವಿಲೇವಾರಿ ಮಾಡಿತು. ಆ ಚೂರನ್ನು ಒತ್ತಿ ಮಾಡಿದ ಇಟ್ಟಿಗೆಗಳು ವರ್ಷಕ್ಕೆ ಸುಮಾರು 15,000 ಟನ್ ಆಗುತ್ತವೆ. ಅವನ್ನು ಸುಡುವುದರ, ಗುಂಡಿಗೆ ತುಂಬುವುದರ ಬದಲು ಮರದ ಹಲಗೆಯ ತಯಾರಿಕೆಯಲ್ಲಿ ಬೆರೆಸಬಹುದೇ ಎಂಬ ಅಧ್ಯಯನವೂ ನಡೆದಿದೆ. ದೇಶದ 140 ಕೋಟಿ ಜನರ ಲೆಕ್ಕದಲ್ಲಿ ಹಂಚಿದರೆ ಆ ಕಸ ತಲೆಗೆ ಹತ್ತು ಗ್ರಾಂ ಚಿಲ್ಲರೆ.

ಈಗ ಮೊದಲ ಅರ್ಧ. ಮೊಬೈಲಿನಿಂದ ನೋಟು ನಿಜಕ್ಕೂ ಉಳಿದಿದೆಯೇ? ಯುಪಿಐ ಹುಟ್ಟಿದ್ದು 2016ರ ಏಪ್ರಿಲ್‌ನಲ್ಲಿ. 2025ರ ಆಗಸ್ಟ್ ತಿಂಗಳೊಂದರಲ್ಲೇ ಅದರ ಮೂಲಕ 2,000 ಕೋಟಿಗೂ ಮಿಕ್ಕಿದ ವಹಿವಾಟು ನಡೆಯಿತು. ಇಷ್ಟು ದೊಡ್ಡ ಬದಲಾವಣೆಗೆ ನೋಟಿನ ಲೋಕ ಕುಗ್ಗಬೇಕಿತ್ತು. ಆದರೆ 2016ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದ ನೋಟುಗಳು ಸುಮಾರು 9,000 ಕೋಟಿ, 2024ರ ಮಾರ್ಚ್ ಕೊನೆಗೆ 14,600 ಕೋಟಿಗೂ ಹೆಚ್ಚು. ಮೌಲ್ಯದಲ್ಲಿ ಹೇಳುವುದಾದರೆ 16 ಲಕ್ಷ ಕೋಟಿ ರೂಪಾಯಿಯಿಂದ 34 ಲಕ್ಷ ಕೋಟಿಗೆ ಏರಿಕೆ. ನೋಟು ಮುದ್ರಣದ ಖರ್ಚು 2023-24ರಲ್ಲಿ 5,101 ಕೋಟಿ ರೂಪಾಯಿ, ಮರುವರ್ಷ 6,372 ಕೋಟಿ. ಮೊಬೈಲು ನೋಟಿನ ಜಾಗಕ್ಕೆ ಬರಲಿಲ್ಲ, ನೋಟಿನ ಪಕ್ಕಕ್ಕೆ ಬಂತು. ಯುಪಿಐ ಇರದಿದ್ದರೆ ನೋಟು ಇನ್ನೂ ಹೆಚ್ಚು ಬೇಕಾಗುತ್ತಿತ್ತು ಎಂದು ವಾದಿಸಬಹುದು, ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಪರಿಸರದ ಲೆಕ್ಕದಲ್ಲಿ ಇದ್ದದ್ದು ಇದ್ದಂತೆ ಬರೆಯಬೇಕು: ನಾವು ಈಗ ಎರಡು ವ್ಯವಸ್ಥೆಗಳನ್ನು ಒಟ್ಟಿಗೆ ಸಾಕುತ್ತಿದ್ದೇವೆ. ಮೈಸೂರಿನ ಯಂತ್ರಗಳೂ ಓಡುತ್ತಿವೆ, ಸರ್ವರುಗಳೂ ಓಡುತ್ತಿವೆ.

ಹಾಗಿದ್ದರೆ ಒಂದು ಪಾವತಿಗೆ ಎಷ್ಟು ಹೊರೆ? ಇದನ್ನು ಎಚ್ಚರಿಕೆಯಿಂದ ಅಳೆದವರು ನೆದರ್ಲೆಂಡ್ಸಿನ ಕೇಂದ್ರ ಬ್ಯಾಂಕಿನವರು. ಅವರ ಲೆಕ್ಕದಲ್ಲಿ ನಗದಿನಲ್ಲಿ ಮಾಡಿದ ಒಂದು ಪಾವತಿಯ ಹೊರೆ ಸುಮಾರು 4.6 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮ, ಡೆಬಿಟ್ ಕಾರ್ಡಿನ ಪಾವತಿಯದು ಸುಮಾರು 3.8 ಗ್ರಾಂ. ಈ ಎರಡು ಅಂಕಿಗಳ ಅಂತರ ಒಂದು ಗ್ರಾಂ ಕೂಡ ಇಲ್ಲ. ಅದಕ್ಕಿಂತ ಗಮನಿಸಬೇಕಾದದ್ದು ಹೊರೆ ಎಲ್ಲಿ ಬೀಳುತ್ತದೆ ಎಂಬುದು. ನಗದಿನಲ್ಲಿ ದೊಡ್ಡ ಪಾಲು ನೋಟಿನ ಕಾಗದದ್ದಲ್ಲ. ಎಟಿಎಂ ನುಂಗುವ ವಿದ್ಯುತ್ತು, ಹಣ ಸಾಗಿಸುವ ವಾಹನ, ನಾಣ್ಯದ ಲೋಹ ಇವುಗಳದು. ಕಾರ್ಡಿನಲ್ಲಿ ಮುಕ್ಕಾಲು ಪಾಲು ಅಂಗಡಿಯ ಮೇಜಿನ ಮೇಲೆ ಕೂತ ಯಂತ್ರದ್ದು. ಎಲ್ಲರೂ ಹೆದರುವ ಡೇಟಾ ಕೇಂದ್ರದ ಪಾಲು ಹತ್ತರಲ್ಲಿ ಒಂದರ ಆಸುಪಾಸು. ನಮ್ಮ ಎಟಿಎಂಗಳನ್ನು ನೋಡಿ. ಬಿಸಿಲ ಸೀಮೆಯಲ್ಲಿ ಯಂತ್ರಕ್ಕೆ ಹಗಲಿರುಳು ತಂಪು ಬೇಕು. ಸರಾಸರಿ ಒಂದು ಕಿಲೋವಾಟ್ ಎಂದು ಹಿಡಿದರೂ ದಿನಕ್ಕೆ 24 ಯೂನಿಟ್ ಆಯಿತು. ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೀಳುವುದರಿಂದ, ಆ ಒಂದು ಗಾಜಿನ ಕೋಣೆಯ ದಿನದ ಬಾಬತ್ತು 17 ಕೆ.ಜಿ. ಹರಪನಹಳ್ಳಿ, ಹಡಗಲಿಯ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುತ್ತಿದ್ದರೂ ಆ ವಿದ್ಯುತ್ತು ದೇಶದ ಜಾಲಕ್ಕೆ ಸೇರಿ, ಬಳ್ಳಾರಿ ಬಳಿಯ ಕುಡತಿನಿಯ ಕಲ್ಲಿದ್ದಲ ವಿದ್ಯುತ್ತಿನ ಜೊತೆ ಬೆರೆತೇ ಎಟಿಎಂಗೆ ಬರುತ್ತದೆ.

ಡಚ್ಚರ ಅಂಕಿಯನ್ನು ಹಾಗೇ ತಂದು ನಮಗೆ ತೊಡಿಸುವುದು ಸರಿಯಲ್ಲ. ಆದರೆ ಗಾತ್ರದ ಅಂದಾಜಿಗೆ ಅದು ಸಾಕು. ತಿಂಗಳಿಗೆ 2,000 ಕೋಟಿ ಯುಪಿಐ ವಹಿವಾಟು, ಪ್ರತಿಯೊಂದಕ್ಕೂ ಉದಾರವಾಗಿ 4 ಗ್ರಾಂ ಎಂದುಕೊಳ್ಳಿ. ತಿಂಗಳಿಗೆ 80,000 ಟನ್, ವರ್ಷಕ್ಕೆ 10 ಲಕ್ಷ ಟನ್ನಿನ ಹತ್ತಿರ. ಕೇಳಲು ಭಾರಿ. ಭಾರತ ವರ್ಷಕ್ಕೆ ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 300 ಕೋಟಿ ಟನ್, ಅದರ ಎದುರು ಇದು ಮೂರು ಸಾವಿರದಲ್ಲಿ ಒಂದು ಪಾಲು. ಗ್ರಾಂಗಳ ಈ ಜಗಳವನ್ನು ಇಲ್ಲಿಗೇ ಬಿಡಬಹುದು. ನಗದು ಹೆಚ್ಚು ಹಸಿರೋ ಮೊಬೈಲು ಹೆಚ್ಚು ಹಸಿರೋ ಎಂದು ಪಾವತಿಯ ಕ್ಷಣವನ್ನಷ್ಟೇ ತೂಗುವವರು, ಆ ಕ್ಷಣಕ್ಕೆ ಮುಂಚೆ ಮನುಷ್ಯ ಎಷ್ಟು ದೂರ ಬಂದ ಎಂಬುದನ್ನು ತಕ್ಕಡಿಯ ಹೊರಗೆ ಇಟ್ಟಿರುತ್ತಾರೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಅದನ್ನು ಹೊರಗಿಡಬಹುದು. ಕೂಡ್ಲಿಗಿಯಲ್ಲಿ ಆಗದು.

ಒಂದು ಹಳ್ಳಿಯಿಂದ ಬ್ಯಾಂಕಿನ ಶಾಖೆ 20 ಕಿ.ಮೀ. ದೂರ ಎಂದಿಟ್ಟುಕೊಳ್ಳಿ, ಕೊಟ್ಟೂರಿಗೂ ಕೂಡ್ಲಿಗಿಗೂ ನಡುವಿನ ದಾರಿ ಹೆಚ್ಚುಕಡಿಮೆ ಅಷ್ಟೇ. ಹೋಗಿಬರಲು 40 ಕಿ.ಮೀ. ಬೈಕು ಲೀಟರಿಗೆ 50 ಕಿ.ಮೀ. ಓಡಿದರೆ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲು. ಒಂದು ಲೀಟರ್ ಪೆಟ್ರೋಲು ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಲ್ಲಿಗೆ ಒಂದು ಸಲ ಬ್ಯಾಂಕಿಗೆ ಹೋಗಿಬಂದದ್ದಕ್ಕೆ 1.8 ಕೆ.ಜಿ. ಆಯಿತು. ನಾಲ್ಕು ಗ್ರಾಂನ ಡಿಜಿಟಲ್ ಪಾವತಿಗಳನ್ನು 450 ಸಲ ಮಾಡಿದರೆ ಆಗುವಷ್ಟು. ಬಸ್ಸಿನಲ್ಲಿ ಹೋದವರ ಲೆಕ್ಕ ಹಗುರ: ಲೀಟರಿಗೆ ಐದು ಕಿ.ಮೀ. ಓಡುವ, ಐವತ್ತು ಜನ ಕೂತ ಬಸ್ಸಿನಲ್ಲಿ ಒಬ್ಬರ ಪಾಲಿಗೆ 40 ಕಿ.ಮೀ.ಗೆ ಸುಮಾರು 430 ಗ್ರಾಂ ಬರುತ್ತದೆ. ಆದರೂ ಅದು ನೂರು ಪಾವತಿಗಳಿಗೆ ಸಮ. ಟಂಟಂನಲ್ಲಿ ಹೋದವರದು ಈ ಎರಡರ ನಡುವೆ ಎಲ್ಲೋ ಬರುತ್ತದೆ. ಯಾವ ರೀತಿ ಲೆಕ್ಕ ಹಾಕಿದರೂ ದಾರಿಯ ತೂಕದ ಎದುರು ಪಾವತಿಯ ತೂಕ ಕಾಣದಷ್ಟು ಚಿಕ್ಕದು. ಆದ್ದರಿಂದ ಡಿಜಿಟಲ್ ಬ್ಯಾಂಕಿಂಗ್ ಹಸಿರೋ ಅಲ್ಲವೋ ಎಂಬ ಪ್ರಶ್ನೆಯನ್ನು ತಿದ್ದಿ ಕೇಳಬೇಕು: ಅದು ಎಷ್ಟು ದಾರಿ ಉಳಿಸಿತು, ಎಷ್ಟು ದಾರಿ ಹೊಸದಾಗಿ ಹೊರಿಸಿತು?

ಹೀಗೆ ಕೇಳಿದ ಕೂಡಲೇ ಡಿಜಿಟಲ್ ಎಂಬ ಪದಕ್ಕಿಂತ ಹಳೆಯದೊಂದು ಕತೆ ಎದುರು ನಿಲ್ಲುತ್ತದೆ. 1976ರ ಜನವರಿಯಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿತು. ದೇಶದ ಮೊದಮೊದಲ ಗ್ರಾಮೀಣ ಬ್ಯಾಂಕುಗಳಲ್ಲಿ ಅದೂ ಒಂದು. ಸಾವ್ಕಾರನ ಬಾಗಿಲಿನಿಂದ ರೈತನನ್ನು ಬಿಡಿಸುವುದು ಅದರ ಉದ್ದೇಶವಾಗಿತ್ತು, ಪರಿಸರದ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಆದರೆ ಹೋಬಳಿಯಲ್ಲಿ ಶಾಖೆ ತೆರೆದಾಗಲೆಲ್ಲ ಸುತ್ತಲಿನ ಹತ್ತಾರು ಹಳ್ಳಿಗಳ ದಾರಿ ಗಿಡ್ಡವಾಯಿತು. ಆ ಬ್ಯಾಂಕು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗುತ್ತ, 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಸಿಕೊಂಡು ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಯಿತು. ಕೇಂದ್ರ ಕಚೇರಿ ಇವತ್ತಿಗೂ ಬಳ್ಳಾರಿಯಲ್ಲೇ ಇದೆ. ಎರಡನೆಯ ಹೆಜ್ಜೆ 2006ರದು. ಶಾಖೆಯ ಹೊರಗೆ, ಹಳ್ಳಿಯಲ್ಲೇ ಬ್ಯಾಂಕಿನ ಕೆಲಸ ಮಾಡುವ ಪ್ರತಿನಿಧಿಗಳನ್ನು ನೇಮಿಸಲು ರಿಸರ್ವ್ ಬ್ಯಾಂಕು ಆಗ ಅನುಮತಿ ಕೊಟ್ಟಿತು. ಇಂದು ನಾವು ಬ್ಯಾಂಕ್ ಮಿತ್ರ ಎನ್ನುವುದು ಅವರನ್ನೇ. 2018ರ ಸೆಪ್ಟೆಂಬರ್‌ನಲ್ಲಿ ಅಂಚೆ ಪಾವತಿ ಬ್ಯಾಂಕು ಶುರುವಾದ ಮೇಲೆ ಅಂಚೆಯಣ್ಣನ ಕೈಗೂ ಬೆರಳಚ್ಚಿನ ಯಂತ್ರ ಬಂತು. ಆತ ಕಾಗದ ಹಂಚಲು ಹೇಗೂ ನಡೆಯುತ್ತಿದ್ದ ದಾರಿಯಲ್ಲೇ ಹಣವನ್ನೂ ಹಂಚುತ್ತಾನೆ. ಹೊಸ ಗಾಡಿ, ಹೊಸ ಕಟ್ಟಡ, ಹೊಸ ಎ.ಸಿ. ಯಾವುದೂ ಬೇಕಿಲ್ಲ. ಈ ಸೀಮೆಯಲ್ಲಿ ಹಣದ ಅತ್ಯಂತ ಹಸಿರಾದ ದಾರಿ ಯಾವುದೆಂದು ಕೇಳಿದರೆ ನಾನು ಯಾವ ಆ್ಯಪಿನ ಹೆಸರನ್ನೂ ಹೇಳುವುದಿಲ್ಲ, ಈ ಅಂಚೆಯಣ್ಣನನ್ನು ತೋರಿಸುತ್ತೇನೆ.

ಆದರೆ ಇದೇ ವ್ಯವಸ್ಥೆ ಕೈಕೊಟ್ಟಾಗ ದಾರಿ ಬೆಳೆಯುತ್ತದೆ. 2023ರ ಆಗಸ್ಟ್ 30ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಮನೆಯ ಯಜಮಾನಿಯ ಖಾತೆಗೆ ನೇರವಾಗಿ ಬರಲು ಶುರುವಾಯಿತು. ಅದೇ ವರ್ಷ ಜುಲೈನಿಂದ ಕೆಲಕಾಲ ಅನ್ನಭಾಗ್ಯದ ಐದು ಕಿಲೋ ಅಕ್ಕಿಯ ಬದಲಿಗೆ ತಲೆಗೆ 170 ರೂಪಾಯಿಯೂ ಖಾತೆಗೆ ಬಂತು. ವೃದ್ಧಾಪ್ಯ ವೇತನ, ವಿಧವಾ ವೇತನ, ಸರಕಾರಿ ಕೆಲಸದ ಕೂಲಿಯ ಹಣ ಎಲ್ಲವೂ ಈಗ ಖಾತೆಯ ಮೂಲಕವೇ. ಸರಕಾರದಿಂದ ಖಾತೆಯ ತನಕದ ದಾರಿ ಡಿಜಿಟಲ್ ಆಗಿ ಸೊನ್ನೆಯಾಯಿತು, ಖಾತೆಯಿಂದ ಕೈಗೆ ಬರುವ ದಾರಿ ಮಾತ್ರ ಮನುಷ್ಯನ ಕಾಲಿಗೇ ಉಳಿಯಿತು. ಹಣ ಬಿದ್ದಿದೆಯೇ ಎಂದು ಕೇಳಲು ಒಂದು ಸಲ, ಆಧಾರ್ ಜೋಡಿಸಲು ಒಂದು ಸಲ, ಸರ್ವರ್ ಇಲ್ಲವೆಂದು ವಾಪಸು ಬಂದದ್ದು ಒಂದು ಸಲ, ಹೆಬ್ಬೆಟ್ಟು ಹೊಂದಲಿಲ್ಲವೆಂದು ಇನ್ನೊಂದು ಸಲ. ಕೊನೆಯದು ಬರೀ ತಾಂತ್ರಿಕ ದೋಷವಲ್ಲ. ಬೆರಳಿನ ಗೆರೆ ಸವೆಯುವುದು ಕಳೆ ಕಿತ್ತವರದು, ಶೇಂಗಾ ಬಿಡಿಸಿದವರದು, ಕಲ್ಲು ಹೊತ್ತವರದು, ವಯಸ್ಸಾದವರದು. ಯಾರಿಗೆ ಈ ಎರಡು ಸಾವಿರ ಹೆಚ್ಚು ಬೇಕೋ ಅವರ ಬೆರಳನ್ನೇ ಯಂತ್ರ ಗುರುತಿಸುವುದಿಲ್ಲ. ಬರಿಗೈಯಲ್ಲಿ ತಿರುಗಿ ಬಂದ ಬಸ್ಸಿನ ಪಯಣಕ್ಕೆ ಪರಿಸರದ ದೃಷ್ಟಿಯಿಂದ ಇರುವ ತೂಕ, ಹಣ ತಂದ ಪಯಣಕ್ಕೆ ಇರುವಷ್ಟೇ. ಮೂರು ಸಲ ತಿರುಗಿದರೆ ಹೊರೆ ಮೂರು ಪಟ್ಟು. ಸೋತ ವಹಿವಾಟಿಗೂ ಹೊಗೆ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಸಾಲದ ಕತೆಯೂ ಇದೇ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲ ಸಿಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತಿತ್ತು, ರೈತ ಬ್ಯಾಂಕಿಗೂ ಕಂದಾಯ ಕಚೇರಿಗೂ ಹಲವು ಸಲ ಅಲೆಯಬೇಕಿತ್ತು ಎಂದು ರಿಸರ್ವ್ ಬ್ಯಾಂಕೇ ಒಪ್ಪಿಕೊಂಡಿದೆ. ಅದಕ್ಕಾಗಿ 2022ರಲ್ಲಿ ಡಿಜಿಟಲ್ ಬೆಳೆ ಸಾಲದ ಪ್ರಯೋಗ ಶುರುವಾಯಿತು, ಆಮೇಲೆ ಕರ್ನಾಟಕವೂ ಅದರಲ್ಲಿ ಸೇರಿತು. ಕರ್ನಾಟಕಕ್ಕೆ ಇದು ಸುಲಭವಾದದ್ದಕ್ಕೆ ಕಾರಣ ಭೂಮಿ ಯೋಜನೆ. ಪಹಣಿಗಳನ್ನು ಈ ಶತಮಾನದ ಮೊದಲ ವರ್ಷಗಳಲ್ಲೇ ಕಂಪ್ಯೂಟರಿಗೆ ಏರಿಸಿದ್ದರಿಂದ ಬ್ಯಾಂಕಿನ ಸರ್ವರು ಹೊಲದ ದಾಖಲೆಯನ್ನು ತಾನೇ ನೋಡಬಲ್ಲದು. ಇಲ್ಲಿ ಉಳಿಯುವ ದಾರಿ ಒಂದಲ್ಲ. ಪಹಣಿಗೊಂದು, ಬೇಬಾಕಿ ಪತ್ರಕ್ಕೊಂದು, ಸಹಿಗೊಂದು, ಹಣಕ್ಕೊಂದು ಎಂದು ನಾಲ್ಕೈದು ಪಯಣ ಕೈಬಿಡುತ್ತವೆ. ಒಬ್ಬ ರೈತನಿಗೆ ಏಳೆಂಟು ಕಿಲೋ ಇಂಗಾಲದ ಡೈಆಕ್ಸೈಡ್ ಉಳಿಯಿತು ಎಂದರೆ, ಚಹಾ ಅಂಗಡಿಯ ಎರಡು ಸಾವಿರ ಪಾವತಿಗಳ ಹೊರೆಯನ್ನು ಒಂದೇ ಸಾಲದ ಅರ್ಜಿ ತೀರಿಸಿದಂತಾಯಿತು.

ಇದಕ್ಕೆ ಎದುರಾಗಿ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ಬಸ್ಸು ಹೇಗೂ ಓಡುತ್ತದೆ, ಒಬ್ಬರು ಹತ್ತದಿದ್ದರೆ ಡೀಸೆಲ್ ಉಳಿಯುವುದಿಲ್ಲ. ಜೊತೆಗೆ ಜನ ಬ್ಯಾಂಕಿಗೆಂದೇ ಹೋಗುವುದಿಲ್ಲ. ಸಂತೆಯ ದಿನ ನೋಡಿಕೊಂಡು ಹೋಗುತ್ತಾರೆ, ಕಾಯಿಪಲ್ಲೆ, ಔಷಧಿ, ಗೊಬ್ಬರ, ನೆಂಟರ ಮನೆ ಎಲ್ಲವನ್ನೂ ಮುಗಿಸಿ ಬರುತ್ತಾರೆ. ಒಪ್ಪುತ್ತೇನೆ, ಸಂತೆಗೆ ಹೋದ ದಿನದ ಬ್ಯಾಂಕಿನ ಕೆಲಸಕ್ಕೆ ಪೂರ್ತಿ 40 ಕಿ.ಮೀ. ಹೊರಿಸುವುದು ತಪ್ಪು. ಗುಳೆ ಹೋದವರ ವಿಷಯದಲ್ಲೂ ಹಾಗೆಯೇ. ಬೆಂಗಳೂರಿನ ಕಟ್ಟಡದ ಕೆಲಸದಿಂದ, ಕಾಫಿ ಸೀಮೆಯಿಂದ ಈಗ ಹಣವನ್ನು ಮೊಬೈಲಿನಲ್ಲೇ ಕಳಿಸುತ್ತಾರೆ, ಆದರೂ ಕೊಟ್ಟೂರೇಶ್ವರನ ತೇರಿಗೆ ಊರಿಗೆ ಬಂದೇ ಬರುತ್ತಾರೆ. ಆ ಪಯಣ ಹಣಕ್ಕಾಗಿ ಇರಲೇ ಇಲ್ಲ. ಆದರೆ ಆಕ್ಷೇಪದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸಂತೆಯ ದಿನ ಬ್ಯಾಂಕಿನ ಸಾಲು ಉದ್ದ, ಸರ್ವರ್ ನಿಧಾನ. ಆ ದಿನ ಆಗದ ಕೆಲಸಕ್ಕೆ ಮರುದಿನ ಬರುವ ಪಯಣ ಬ್ಯಾಂಕಿನದೇ, ಅದಕ್ಕೆ ಪಾಲುದಾರರಿಲ್ಲ. ಬೈಕಿನ ಮಟ್ಟಿಗಂತೂ ಹೇಗೂ ಓಡುತ್ತದೆ ಎಂಬ ಮಾತೇ ಇಲ್ಲ, ಹೋದರೆ ಮಾತ್ರ ಉರಿಯುತ್ತದೆ. ಬಸ್ಸುಗಳ ಸಂಖ್ಯೆಯೂ ಕೊನೆಗೆ ಜನರ ಓಡಾಟ ನೋಡಿಯೇ ನಿಗದಿಯಾಗುತ್ತದೆ.

ಎರಡನೆಯ ಆಕ್ಷೇಪ ನನ್ನ ವಾದವನ್ನೇ ತಿದ್ದುವಂಥದ್ದು. ದಾರಿ ಉಳಿಸಿದರೆ ಮಾತ್ರ ಲಾಭ ಎನ್ನುವುದಾದರೆ, ಊರೊಳಗಿನ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಕ್ಯೂಆರ್ ಕೋಡ್ ತೋರಿಸುವುದರಿಂದ ಏನೂ ಉಳಿಯಲಿಲ್ಲ. ನೋಟಿದ್ದರೂ ಆತ ಅಷ್ಟೇ ದೂರ ನಡೆಯುತ್ತಿದ್ದ. ಹಾಗೆಂದು ಆ ಪಾವತಿ ವ್ಯರ್ಥವೇ? ಮೆಕ್ಕೆಜೋಳ ಮಾರಿದ ರೈತನನ್ನು ಹಿಂಬಾಲಿಸಿ ನೋಡಿ. ಕೊಟ್ಟೂರಿನದೋ ಹರಪನಹಳ್ಳಿಯದೋ ಮಾರುಕಟ್ಟೆಗೆ ಟ್ರ್ಯಾಕ್ಟರ್ ತಂದ, ಹಣ ಖಾತೆಗೆ ಬಂತು. ಅಡತಿ ಅಂಗಡಿಯಲ್ಲಿ ಕಾಯುವುದು ತಪ್ಪಿತು. ಆದರೆ ಕೊಯ್ಲಿನ ಕೂಲಿಗೆ ನೋಟೇ ಬೇಕು, ಏಕೆಂದರೆ ಕೂಲಿಯವಳ ಊರಿನ ಕಿರಾಣಿ ಅಂಗಡಿಯಲ್ಲಿ ನೋಟೇ ನಡೆಯುತ್ತದೆ. ಆದ್ದರಿಂದ ರೈತ ಎಟಿಎಂಗೆ ಹೋದ, ಎಟಿಎಂಗೆ ಹಣ ತುಂಬಲು ಕಾವಲಿನ ವ್ಯಾನು ಬಂತು, ಕಿರಾಣಿಯವನು ಆ ನೋಟನ್ನು ಜಮಾ ಮಾಡಲು ಮತ್ತೆ ಶಾಖೆಗೆ ಹೋದ. ಸರಪಳಿಯ ಒಂದು ಕೊಂಡಿ ನಗದಾದರೆ ಮುಂದಿನ ಎಲ್ಲ ಕೊಂಡಿಗಳೂ ರಸ್ತೆಗೆ ಇಳಿಯುತ್ತವೆ. ಕಿರಾಣಿ ಅಂಗಡಿಯ ಕ್ಯೂಆರ್ ಕೋಡು ತಾನಾಗಿ ಯಾವ ದಾರಿಯನ್ನೂ ಉಳಿಸುವುದಿಲ್ಲ, ಆದರೆ ಖಾತೆಯ ಹಣ ಖಾತೆಯಲ್ಲೇ ಇದ್ದುಕೊಂಡು ಖರ್ಚಾಗುವುದು ಅದರಿಂದಲೇ ಸಾಧ್ಯ. ಅದಕ್ಕೇ ಈ ವ್ಯವಸ್ಥೆಯ ಲಾಭ ನೇರ ಗೆರೆಯಂತೆ ಏರುವುದಿಲ್ಲ. ಊರಿನ ಅರ್ಧ ಜನ ಮೊಬೈಲಿಗೆ ಬಂದಾಗ ಅರ್ಧ ಲಾಭ ಸಿಗದು. ಎರಡೂ ವ್ಯವಸ್ಥೆಗಳ ಹೊರೆ ಒಟ್ಟಿಗೆ ಬೀಳುವ ಕೆಟ್ಟ ನಡುಗಾಲವದು. ದೇಶದ ನೋಟಿನ ಅಂಕಿ ಹೇಳುವ ಪ್ರಕಾರ ನಾವು ಈಗ ಆ ನಡುಗಾಲದಲ್ಲಿದ್ದೇವೆ.

ಇನ್ನು ಮೊಬೈಲಿನದೇ ಹೊರೆ. ಒಂದು ಸ್ಮಾರ್ಟ್‌ಫೋನಿನ ಇಡೀ ಆಯುಷ್ಯದ ಹೊರೆ ತಯಾರಕರ ಲೆಕ್ಕದಲ್ಲೇ 50ರಿಂದ 80 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅದರಲ್ಲಿ ಬಹುಪಾಲು ಫೋನು ಕೈಗೆ ಬರುವ ಮೊದಲೇ, ಗಣಿಯಲ್ಲಿ, ಚಿಪ್ಪಿನ ಕಾರ್ಖಾನೆಯಲ್ಲಿ ಆಗಿಹೋಗಿರುತ್ತದೆ. ಬೈಕಿನ ಪಯಣಕ್ಕೆ ಹೋಲಿಸಿದರೆ ಮೂವತ್ತು ನಲವತ್ತು ಸಲ ಬ್ಯಾಂಕಿಗೆ ಹೋಗಿಬಂದಂತೆ. ಫೋನನ್ನು ಯಾರೂ ಬ್ಯಾಂಕಿಗೆಂದೇ ಕೊಳ್ಳುವುದಿಲ್ಲ, ಮಾತಿಗೆ, ವಿಡಿಯೊಗೆ, ಮಕ್ಕಳ ಪಾಠಕ್ಕೆ ಕೊಳ್ಳುತ್ತಾರೆ. ಹಾಗಾಗಿ ಬ್ಯಾಂಕಿನ ಪಾಲಿಗೆ ಬರುವುದು ಅದರಲ್ಲಿ ಸಣ್ಣ ತುಣುಕು. ಆದರೆ ಪಾವತಿಗೆಂದೇ ಹುಟ್ಟಿದ ವಸ್ತುವೊಂದಿದೆ. ಹಣ ಬಂದಿದೆ ಎಂದು ಕೂಗಿ ಹೇಳುವ ಸೌಂಡ್ ಬಾಕ್ಸ್. ಒಂದು ಸ್ಪೀಕರು, ಒಂದು ಸಿಮ್, ಒಂದು ಲಿಥಿಯಂ ಬ್ಯಾಟರಿ, ಸುತ್ತ ಪ್ಲಾಸ್ಟಿಕ್. ನೋಟಿನ ಲೋಕದಲ್ಲಿ ಇದಕ್ಕೆ ಸಮನಾದದ್ದು ಯಾವುದೂ ಇರಲಿಲ್ಲ. ಅಂಗಡಿಯವನು ಕಂಪನಿ ಬದಲಿಸಿದರೆ ಹಳೆಯದು ಮೂಲೆ ಸೇರುತ್ತದೆ, ಹೊಸದು ಬರುತ್ತದೆ. ಡಚ್ಚರ ಲೆಕ್ಕದಲ್ಲಿ ಮೇಜಿನ ಮೇಲಿನ ಯಂತ್ರವೇ ಮುಕ್ಕಾಲು ಹೊರೆ ಹೊತ್ತದ್ದು ನೆನಪಿರಲಿ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಹುಟ್ಟಿತು, ವ್ಯವಸ್ಥಿತವಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ಅದರಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಕಡಿಮೆ. ಅದೇ ವರ್ಷ ಭಾರತದಲ್ಲಿ ಇ-ಕಸಕ್ಕೂ ಬ್ಯಾಟರಿ ಕಸಕ್ಕೂ ಹೊಸ ನಿಯಮಗಳು ಬಂದವು, ಉತ್ಪಾದಕ ಕಂಪನಿಗಳೇ ಮರುಬಳಕೆಯ ಹೊಣೆ ಹೊರಬೇಕೆಂದು. ಆ ಹೊಣೆ ಹೋಬಳಿಯ ಪಾನ್ ಅಂಗಡಿಯ ತನಕ ಇಳಿಯದಿದ್ದರೆ ಬ್ಯಾಟರಿ ಸೇರುವುದು ಗುಜರಿಯ ಚೀಲವನ್ನೋ ಊರ ಹಳ್ಳವನ್ನೋ. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರದ ಪಕ್ಷಿಧಾಮ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಕೆರೆ. ಇಂಥ ಕೆರೆಗಳಿಗೆ ಇಂಥ ಹಳ್ಳಗಳಿಂದಲೂ ನೀರು ಬರುತ್ತದೆ.

ಈ ಸೀಮೆಯ ಜನಕ್ಕೆ ಗಣಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಸಂಡೂರಿನ ಕೆಂಪು ದೂಳು, ಅದಿರಿನ ಲಾರಿಗಳು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದ್ದು ಎಲ್ಲವೂ ಕಣ್ಣೆದುರಿನ ಚರಿತ್ರೆ. ಮೊಬೈಲಿನ ಬ್ಯಾಟರಿಗೆ ಕೋಬಾಲ್ಟ್ ಬರುವ ಕಾಂಗೊ ದೇಶದಲ್ಲಿ ಅದೇ ದೂಳು ಇನ್ಯಾರದೋ ಹೊಲದ ಮೇಲೆ ಕೂರುತ್ತಿದೆ. ಕೊಟ್ಟೂರಿನ ರಸ್ತೆಯ ಹೊಗೆ ಕಡಿಮೆಯಾದಾಗ ಅದರಲ್ಲೊಂದು ಪಾಲು ಅಲ್ಲಿಗೆ ಹೋಗಿ ಸೇರಿದೆ ಎಂಬುದನ್ನು ಮರೆತು ಲೆಕ್ಕ ಮುಗಿಸುವಂತಿಲ್ಲ. ಆದರೂ ಫೋನು ನಾಲ್ಕು ವರ್ಷ ಬಾಳಿದರೆ, ವರ್ಷಕ್ಕೆ ಹತ್ತು ಪಯಣ ಉಳಿಸಿದರೆ, ಅದರ ಇಡೀ ಹೊರೆಯನ್ನು ಬ್ಯಾಂಕಿನ ತಲೆಗೇ ಕಟ್ಟಿದರೂ ಲೆಕ್ಕ ಸರಿದೂಗುತ್ತದೆ. ಎರಡೇ ವರ್ಷಕ್ಕೆ ಎಸೆದರೆ ದೂಗುವುದಿಲ್ಲ. ಬ್ಯಾಂಕಿನ ಆ್ಯಪು ಹಳೆಯ ಫೋನಿನಲ್ಲಿ ನಡೆಯುವಂತೆ ಬರೆಯುವುದು, 2022ರಲ್ಲಿ ಬಂದ ಸಾದಾ ಫೋನಿನ ಯುಪಿಐ ಸೇವೆಯನ್ನು ಜನಕ್ಕೆ ಕಲಿಸುವುದು ಈ ಕಾರಣಕ್ಕೇ ಪರಿಸರದ ಕೆಲಸವೂ ಹೌದು.

ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹಣ ಸುಲಭವಾಗಿ ಸಿಕ್ಕರೆ ಅದು ಏನಾಗುತ್ತದೆ? ಈ ತಾಲ್ಲೂಕುಗಳಲ್ಲಿ ಸಾಲದ ಹಣಕ್ಕೆ ಎದುರಿಗೇ ಕಾಣುವ ದಾರಿ ಬೋರು. ಒಂದು ಬೋರು ಕೊರೆಯಲು ಲಾರಿ ಕುಡಿಯುವ ಡೀಸೆಲ್ಲು, ಆಮೇಲೆ ವರ್ಷಗಟ್ಟಲೆ ಮೋಟರು ಎಳೆಯುವ ವಿದ್ಯುತ್ತು, ಅದಕ್ಕೂ ಮಿಗಿಲಾಗಿ ಕೆಳಗಿಳಿಯುವ ಅಂತರ್ಜಲ, ಇವುಗಳ ಮುಂದೆ ಬ್ಯಾಂಕಿನ ದಾರಿಯ ಉಳಿತಾಯ ಏನೇನೂ ಅಲ್ಲ. ನಾಲ್ಕು ವಾರದ ಅಲೆದಾಟ ರೈತನಿಗೆ ಹಿಂಸೆ ನಿಜ, ಅದೇ ಅಲೆದಾಟ ಎರಡನೆಯ ಯೋಚನೆಗೆ ಸಮಯವನ್ನೂ ಕೊಡುತ್ತಿತ್ತು ಎಂದು ಯಾರಾದರೂ ಹೇಳಬಹುದು. ಆ ಮಾತನ್ನು ನಾನು ಒಪ್ಪಲಾರೆ. ಬಡವನನ್ನು ಅಲೆದಾಡಿಸಿ ಅಂತರ್ಜಲ ಉಳಿಸುವುದು ನೀತಿಯಲ್ಲ, ಬ್ಯಾಂಕು ಕೊಡದಿದ್ದರೆ ಸಾವ್ಕಾರ ಕೊಡುತ್ತಾನೆ, ಬೋರು ಹೇಗೂ ಬೀಳುತ್ತದೆ. ಆದರೆ ಸಾಲದ ವೇಗ ಹೆಚ್ಚಿಸುವವರು ಸಾಲದ ಉದ್ದೇಶಕ್ಕೂ ಕಣ್ಣು ಕೊಡಬೇಕಾಗುತ್ತದೆ. ಪಹಣಿಯನ್ನು ಕ್ಷಣದಲ್ಲಿ ಓದಬಲ್ಲ ಸರ್ವರಿಗೆ ಆ ಊರಿನ ಅಂತರ್ಜಲದ ಮಟ್ಟವನ್ನು ಓದಿ ಹೇಳುವುದು ಕಷ್ಟದ ಕೆಲಸವಲ್ಲ. ಕೃಷಿಹೊಂಡಕ್ಕೆ, ಬದುವಿಗೆ, ಹನಿ ನೀರಾವರಿಗೆ ಅದೇ ವೇಗದಲ್ಲಿ ಸಾಲ ಹೊರಡುವಂತೆ ಮಾಡುವುದೂ ಕಷ್ಟವಲ್ಲ.

ದಾರಿಯ ತೂಕ ಇಷ್ಟು ಹೆಚ್ಚೆಂದಾದರೆ ಅದನ್ನು ಅಳೆಯುವವರು ಯಾರು? ದೇಶದ ಷೇರುಪೇಟೆಯಲ್ಲಿ ನೋಂದಾಯಿತವಾದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಕಂಪನಿಗಳು 2022-23ರಿಂದ ಪರಿಸರ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕು, ದೊಡ್ಡ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಶಾಖೆಯ ವಿದ್ಯುತ್ತು, ಜನರೇಟರಿನ ಡೀಸೆಲ್ಲು ಅದರಲ್ಲಿ ಬರುತ್ತವೆ. ಗ್ರಾಹಕ ನಡೆದುಬಂದ ದಾರಿಗೆ ಅಲ್ಲಿ ಕಡ್ಡಾಯದ ಅಂಕಣವಿಲ್ಲ. ಹಾಗಾಗಿ ಒಂದು ಶಾಖೆಯನ್ನು ಮುಚ್ಚಿದರೆ ಬ್ಯಾಂಕಿನ ವರದಿಯಲ್ಲಿ ಹೊಗೆ ಕಡಿಮೆಯಾಗುತ್ತದೆ, ಆ ಸುತ್ತಿನ ಹಳ್ಳಿಗಳ ರಸ್ತೆಯಲ್ಲಿ ಹೆಚ್ಚಾಗುತ್ತದೆ. ಲೆಕ್ಕ ಉಲ್ಟಾ ಆಗುವುದು ಹೀಗೆ. ಇದನ್ನು ಸರಿಪಡಿಸುವ ದಾರಿ ಈಗಾಗಲೇ ಒಂದು ಸಲ ಕಂಡಿದೆ. ಜನಧನ ಖಾತೆಗಳು ಶುರುವಾದದ್ದು 2014ರ ಆಗಸ್ಟ್‌ನಲ್ಲಿ. ಹತ್ತು ವರ್ಷ ತುಂಬಿದಾಗ ಗುರುತಿನ ದಾಖಲೆಗಳನ್ನು ಹೊಸದು ಮಾಡುವ ಕೆಲಸ ಬಂತು. ಕೋಟಿಗಟ್ಟಲೆ ಖಾತೆದಾರರನ್ನು ಶಾಖೆಗೆ ಕರೆದಿದ್ದರೆ ಅಷ್ಟೂ ಪಯಣ ರಸ್ತೆಗೆ ಬೀಳುತ್ತಿತ್ತು. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಆ ಕೆಲಸಕ್ಕೆ ಬ್ಯಾಂಕ್ ಮಿತ್ರರನ್ನು ಬಳಸಲು ಒಪ್ಪಿತು, ಜುಲೈಯಿಂದ ಸೆಪ್ಟೆಂಬರ್ ತನಕ ಗ್ರಾಮ ಪಂಚಾಯಿತಿಗಳಲ್ಲೇ ಶಿಬಿರಗಳು ನಡೆದವು. ಬ್ಯಾಂಕಿನ ಇಬ್ಬರು ಒಂದು ಗಾಡಿಯಲ್ಲಿ ಊರಿಗೆ ಬಂದರೆ ಊರಿನ ಇನ್ನೂರು ಜನ ಬ್ಯಾಂಕಿಗೆ ಹೋಗುವುದು ತಪ್ಪುತ್ತದೆ. ಪ್ರತಿ ಶಾಖೆಯೂ ತನ್ನ ತಿಂಗಳ ವರದಿಯಲ್ಲಿ ಮೂರು ಅಂಕಣ ಸೇರಿಸಿಕೊಂಡರೆ ಈ ಲೆಕ್ಕ ದೇಶಕ್ಕೆಲ್ಲ ಸಿಗುತ್ತದೆ: ಗ್ರಾಹಕರ ಊರು, ಆ ಊರಿನಿಂದ ಶಾಖೆಗೆ ಎಷ್ಟು ಕಿ.ಮೀ., ಬಂದವರಲ್ಲಿ ಕೆಲಸವಾಗದೆ ತಿರುಗಿ ಹೋದವರು ಎಷ್ಟು ಜನ.